ಹಾಜರಿ ಪುಸ್ತಕದಲ್ಲಿ ಒಂದು ದಿನ, ಮನೆಯಿಂದ ಮನೆಗೆ 35 ಗಂಟೆ

ಭಾನುವಾರ ರಾತ್ರಿ ಎಂಟಕ್ಕೆ ಬನಶಂಕರಿಯ ಮನೆ ಬಿಡುವುದು. ಮೆಜೆಸ್ಟಿಕ್‌ನಲ್ಲಿ ಒಂಬತ್ತೂವರೆಯ ಸ್ಲೀಪರ್ ಬಸ್ಸು. ಬೆಳಗಿನ ಜಾವ ಹುಬ್ಬಳ್ಳಿಯಲ್ಲಿ ಇಳಿದು, ಯಾವುದೋ ಲಾಡ್ಜಿನಲ್ಲಿ ಎರಡು ತಾಸಿಗೆ ರೂಮು ಹಿಡಿದು ಸ್ನಾನ. ಒಂಬತ್ತಕ್ಕೆ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಶುರು. ಸಂಜೆ ಏಳರವರೆಗೆ ಮಷೀನಿನ ಹತ್ತಿರ ನಿಂತು, ಊಟ ಮುಗಿಸಿ, ರಾತ್ರಿ ಹತ್ತರ ಬಸ್ಸು ಹತ್ತುವುದು. ಮಂಗಳವಾರ ಬೆಳಗ್ಗೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಕಣ್ಣು ಬಿಡುವುದು. ಮನೆ ಸೇರುವಾಗ ಏಳು. ಒಂಬತ್ತೂವರೆಗೆ ಮತ್ತೆ ಆಫೀಸು.

ಮನೆಯಿಂದ ಮನೆಗೆ ಲೆಕ್ಕ ಹಾಕಿದರೆ 35 ಗಂಟೆ. ಹಾಜರಿ ಪುಸ್ತಕದಲ್ಲಿ ಮಾತ್ರ 'ಹುಬ್ಬಳ್ಳಿ ಟೂರ್, 1 ದಿನ' ಅಂತ ಇರುತ್ತದೆ.

ನಾನು ಪೀಣ್ಯದ ಒಂದು ಮಷೀನ್ ಟೂಲ್ (ಲೋಹದ ಭಾಗಗಳನ್ನು ಕತ್ತರಿಸಿ ರೂಪಿಸುವ ಮಷೀನು) ಕಂಪನಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿ ಹದಿನಾಲ್ಕು ವರ್ಷ ಊರೂರು ಸುತ್ತಿದವನು. ಈಗ ಕೆಲವು ವರ್ಷಗಳಿಂದ ಯಾರು ಎಲ್ಲಿಗೆ ಹೋಗಬೇಕು ಅಂತ ಪಟ್ಟಿ ಮಾಡುವ ಕುರ್ಚಿಯಲ್ಲಿದ್ದೇನೆ. ಕೆಲಸಕ್ಕಾಗಿ ಊರು ಸುತ್ತುವುದು ಒಳ್ಳೆಯದಾ ಕೆಟ್ಟದ್ದಾ ಅಂತ ಹೊಸ ಹುಡುಗರು ಕೇಳುತ್ತಾರೆ. ಎರಡೂ ಹೌದು. ಆದರೆ ಒಳ್ಳೆಯದರಲ್ಲಿ ಯಾರಿಗೆ ಎಷ್ಟು ಪಾಲು, ಕಷ್ಟ ಯಾರ ತಲೆಗೆ ಬರುತ್ತದೆ ಅನ್ನುವುದನ್ನು ಬಿಡಿಸಿ ನೋಡದಿದ್ದರೆ ಆ ಉತ್ತರದಿಂದ ಏನೂ ಉಪಯೋಗವಿಲ್ಲ. ಆ ಲೆಕ್ಕ ಪೂರ್ತಿ ನಿಂತಿರುವುದು ಯಾರೂ ಬರೆದಿಡದ ಗಂಟೆಗಳ ಮೇಲೆ.

ಮೊದಲು ಒಳ್ಳೆಯದನ್ನೇ ಹೇಳುತ್ತೇನೆ. ಅದು ಸಣ್ಣದಲ್ಲ.

ರಾಜ್‌ಕೋಟ್‌ನ ಒಬ್ಬ ಗ್ರಾಹಕರು ತಿಂಗಳುಗಟ್ಟಲೆ ಒಂದೇ ದೂರು ಹೇಳುತ್ತಿದ್ದರು. ಬೆಳಗ್ಗೆ ಮಾಡಿದ ಭಾಗಗಳು ಸರಿ ಬರುತ್ತವೆ, ಮಧ್ಯಾಹ್ನದ ಮೇಲೆ ಅಳತೆ ತಪ್ಪುತ್ತದೆ. ಫೋನಿನಲ್ಲಿ ಏನೇನೋ ಹೇಳಿಕೊಟ್ಟೆವು. ಪ್ಯಾರಾಮೀಟರ್ ಬದಲಿಸಿದೆವು. ವೀಡಿಯೊ ತರಿಸಿಕೊಂಡು ನೋಡಿದೆವು. ಏನೂ ಗೊತ್ತಾಗಲಿಲ್ಲ. ಕೊನೆಗೆ ನಾನು ಅಹಮದಾಬಾದ್‌ಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ರಾಜ್‌ಕೋಟ್ ಸೇರಿದೆ. ಮಷೀನಿನ ಪಕ್ಕ ಒಂದು ಸ್ಟೂಲ್ ಹಾಕಿಕೊಂಡು ಇಡೀ ದಿನ ಸುಮ್ನೆ ಕೂತೆ. ಮಧ್ಯಾಹ್ನ ಎರಡೂವರೆಗೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಒಳಗೆ ಬಂತು. ಬಂದು ಮಷೀನಿನ ಅರ್ಧ ಭಾಗದ ಮೇಲೆ ಮಾತ್ರ ಬಿತ್ತು.

ಒಂದು ಮೀಟರ್ ಉದ್ದದ ಉಕ್ಕು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 11ರಿಂದ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. ಅರ್ಧ ಮೀಟರ್ ಭಾಗ ಎಂಟು ಡಿಗ್ರಿ ಜಾಸ್ತಿ ಬಿಸಿಯಾದರೆ 44ರಿಂದ 48 ಮೈಕ್ರಾನ್ ಆಗುತ್ತದೆ. ಅವರಿಗೆ ಬೇಕಿದ್ದ ಅಳತೆಯಲ್ಲಿ 20 ಮೈಕ್ರಾನ್ ಹೆಚ್ಚುಕಮ್ಮಿಗೆ ಮಾತ್ರ ಜಾಗ ಇತ್ತು. ಕಿಟಕಿಗೆ ತಗಡು ಹೊಡೆಸಿದರು. ದೂರು ನಿಂತಿತು. ಆ ಕಿಟಕಿಯ ವಿಷಯ ಯಾವ ವೀಡಿಯೊದಲ್ಲೂ ಬಂದಿರಲಿಲ್ಲ. ಯಾಕೆಂದರೆ ವೀಡಿಯೊ ತೆಗೆಯುವವರು ಮಷೀನನ್ನು ತೋರಿಸುತ್ತಾರೆ, ಗೋಡೆಯನ್ನಲ್ಲ.

ಊರಿಗೆ ಹೋದಾಗ ಸಿಗುವುದು ಇದು. ಎದುರಿಗಿರುವವರಿಗೆ ಹೇಳಬೇಕು ಅಂತಲೇ ಅನಿಸದ ಸಂಗತಿ ನಮ್ಮ ಕಣ್ಣಿಗೆ ಬೀಳುತ್ತದೆ. ಸ್ಪಿಂಡಲ್ ಅಂದರೆ ಮಷೀನಿನ ತಿರುಗುವ ಮುಖ್ಯ ದಂಡ, ಅದರ ಬೇರಿಂಗ್ ಸವೆದಿದೆಯಾ ಅಂತ ಅನುಭವ ಇರುವವನು ಅಂಗೈ ಇಟ್ಟು ಹೇಳುತ್ತಾನೆ. ಫೋನಿನ ಮೈಕು ಅದನ್ನು ಹಿಡಿಯುವುದಿಲ್ಲ. ನಮ್ಮ ಕೆಲಸಕ್ಕೆ ಮಾತ್ರ ಅಲ್ಲ, ಔಷಧಿ ಕಂಪನಿಯ ರೆಪ್‌ಗೂ, ಬ್ಯಾಂಕಿನ ಇನ್‌ಸ್ಪೆಕ್ಷನ್‌ಗೆ ಹೋಗುವವರಿಗೂ, ಬೆಳೆ ನೋಡಲು ಹೋಗುವ ಕೃಷಿ ಅಧಿಕಾರಿಗೂ ಇದೇ ಮಾತು. ಕೂತಲ್ಲೇ ಕೇಳಿದಾಗ ಜನ ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಾರೆ. ಅಲ್ಲಿಗೇ ಹೋದರೆ ನಾವು ಕೇಳದೇ ಬಿಟ್ಟಿದ್ದೂ ತಿಳಿಯುತ್ತದೆ.

ಇನ್ನೊಂದು ಲಾಭ ಹೋಗುವವರ ಒಳಗೇ ಆಗುವಂಥದ್ದು. ತುರುವೇಕೆರೆ ಕಡೆಯಿಂದ ಡಿಪ್ಲೊಮಾ ಮುಗಿಸಿ ಬಂದ ಹುಡುಗ ಮೊದಲ ಟೂರ್‌ನಲ್ಲಿ ಪುಣೆಗೆ ಹೋಗಿ, ಬಾರದ ಹಿಂದಿಯಲ್ಲೇ ಮಾತಾಡಿ, ಮಷೀನು ಓಡಿಸಿ, ಸಹಿ ಹಾಕಿಸಿಕೊಂಡು ಬರುತ್ತಾನೆ. ವಾಪಸ್ ಬಂದಾಗ ಅವನು ನಿಲ್ಲುವ ರೀತಿಯೇ ಬೇರೆ ಇರುತ್ತದೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಕೊಯಮತ್ತೂರಿನ ಒಂದು ಪಂಪ್ ವರ್ಕ್‌ಶಾಪಿನಲ್ಲಿ ಮಾಲೀಕರು ತಮ್ಮ ತಾಯಿಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ನನಗೆ ಆಶ್ಚರ್ಯ ಆಗಿತ್ತು. ಅವರು ದೇವಾಂಗ ಸಮುದಾಯದವರು. ತಲೆಮಾರುಗಳಿಂದ ತಮಿಳುನಾಡಿನಲ್ಲಿದ್ದರೂ ಮನೆಮಾತು ಕನ್ನಡ. ಓದುವುದು, ಬರೆಯುವುದು ಎಲ್ಲ ತಮಿಳಿನಲ್ಲಿ. ನಮ್ಮ ಭಾಷೆ ಎಲ್ಲೆಲ್ಲಿ ಬದುಕಿದೆ ಅನ್ನುವುದು ನನಗೆ ಪುಸ್ತಕದಿಂದ ಅಲ್ಲ, ಸರ್ವಿಸ್ ಕಾಲ್‌ನಿಂದ ಗೊತ್ತಾಯಿತು. ಆ ಋಣ ನಾನು ಮರೆಯುವುದಿಲ್ಲ.

ದುಡ್ಡಿನ ಮಾತನ್ನೂ ಹೇಳಬೇಕು. ಟಿಎ (ಪ್ರಯಾಣ ಭತ್ಯೆ), ಡಿಎ (ದಿನಭತ್ಯೆ) ಅಂತ ಬರುವುದು ಸಂಬಳ ಕಮ್ಮಿ ಇರುವವರಿಗೆ ದೊಡ್ಡ ಆಸರೆ. ದಿನಭತ್ಯೆಯಲ್ಲಿ ಉಳಿಸಿ ತಂಗಿಯ ಫೀಸು ಕಟ್ಟಿದವರನ್ನು ಬಲ್ಲೆ. ಐಟಿಯಲ್ಲಿ ಒಂದು ಆನ್‌ಸೈಟ್ (ವಿದೇಶದ ಗ್ರಾಹಕರ ಹತ್ತಿರ ಹೋಗಿ ಕೆಲಸ ಮಾಡುವ) ಅವಕಾಶ ಅಂದರೆ ಬೆಂಗಳೂರಿನ ಹೊರವಲಯದಲ್ಲಿ ಒಂದು ಸೈಟು ಅನ್ನುವ ಲೆಕ್ಕ ಬಹಳ ವರ್ಷ ನಡೆಯಿತು. ಆದರೆ ಉಳಿಸಿದ ಭತ್ಯೆ ಎಲ್ಲಿಂದ ಉಳಿಯಿತು? ಹೊಟ್ಟೆಯಿಂದ. ಎರಡು ಬನ್ನು, ಒಂದು ಟೀಯಲ್ಲಿ ರಾತ್ರಿ ಊಟ ಮುಗಿಸಿದ್ದರಿಂದ. ಆದಾಯ ತೆರಿಗೆಯ ನಿಯಮವೂ ಇಲ್ಲಿ ಕಟ್ಟುನಿಟ್ಟಾಗಿದೆ. ಟೂರ್ ಭತ್ಯೆಯಲ್ಲಿ ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ ವಿನಾಯಿತಿ. ಉಳಿದದ್ದು ಆದಾಯ.

ಅದಕ್ಕಿಂತ ದೊಡ್ಡ ತೊಂದರೆ, ಖರ್ಚು ಮೊದಲು ನಮ್ಮ ಜೇಬಿನಿಂದ ಹೋಗುವುದು. ಬಿಲ್ಲು ಸಲ್ಲಿಸಿ, ಅದು ಮೂರು ಟೇಬಲ್ ದಾಟಿ, ದುಡ್ಡು ವಾಪಸ್ ಬರುವಾಗ ಒಂದೂವರೆ ತಿಂಗಳಾದದ್ದೂ ಉಂಟು. 20 ಸಾವಿರ ಸಂಬಳದ ಹುಡುಗ ಕ್ರೆಡಿಟ್ ಕಾರ್ಡಿನಲ್ಲಿ ಟಿಕೆಟ್ ತೆಗೆದು ಬಡ್ಡಿ ಕಟ್ಟುತ್ತಾನೆ. ಅಂದರೆ ಕಂಪನಿಗೆ ಸಾಲ ಕೊಡುತ್ತಿರುವುದು ಅವನು. ಬಸ್ ಸ್ಟ್ಯಾಂಡಿನಿಂದ ಕಾರ್ಖಾನೆಗೆ ಹೋದ ಆಟೋಗೆ ಬಿಲ್ಲು ಎಲ್ಲಿಂದ ತರುತ್ತಾನೆ ಹೇಳಿ? ಬಿಲ್ಲಿಲ್ಲದ ಖರ್ಚು ಬರುವುದೇ ಇಲ್ಲ. ಮುಂಗಡ ಕೊಟ್ಟು ಕಳುಹಿಸುವುದು ಏನೂ ಕಷ್ಟದ ಕೆಲಸ ಅಲ್ಲ. ಸರ್ಕಾರಿ ಇಲಾಖೆಗಳಲ್ಲಿ ಪ್ರವಾಸ ಮುಂಗಡ ಅನ್ನುವ ವ್ಯವಸ್ಥೆ ಹಿಂದಿನಿಂದಲೂ ಇದೆ.

ಈಗ ಪ್ರಯಾಣದ ಹೊತ್ತಿಗೆ ಬರೋಣ. ಬೆಂಗಳೂರಿನಲ್ಲಿ ಇದರ ಲೆಕ್ಕ ಬೇರೆ ಊರಿನ ಹಾಗಿಲ್ಲ.

ನಾನು ಕೆಲಸಕ್ಕೆ ಸೇರಿದ್ದು 2008ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಹೋಯಿತು. ನಗರದ ನಡುವಿನಿಂದ ಸುಮಾರು 35 ಕಿ.ಮೀ. ದೂರ. ನಿಲ್ದಾಣ ಚೆನ್ನಾಗಿದೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಎರಡನೇ ಟರ್ಮಿನಲ್ಲಂತೂ ತೋಟದೊಳಗೆ ನಡೆದ ಹಾಗಿದೆ. ಆದರೆ ಅಲ್ಲಿಗೆ ತಲುಪುವುದೇ ಅರ್ಧ ಟೂರ್. ಮೆಟ್ರೊದ ನೀಲಿ ಮಾರ್ಗ ವಿಮಾನ ನಿಲ್ದಾಣದ ತನಕ ಹೋಗಲಿದೆ ಅಂತ ವರ್ಷಗಳಿಂದ ಕಂಬಗಳು ಏಳುತ್ತಿವೆ. ಅಲ್ಲಿಯವರೆಗೆ ವಾಯುವಜ್ರ ಬಸ್ಸು ಅಥವಾ ಟ್ಯಾಕ್ಸಿ. 2022ರಲ್ಲಿ ಊರೂರಿನ ಟ್ರಾಫಿಕ್ ಅಳೆಯುವ ಟಾಮ್‌ಟಾಮ್ ಸಂಸ್ಥೆ ಮಾಡಿದ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿ.ಮೀ. ಹೋಗಲು ಸರಾಸರಿ 29 ನಿಮಿಷ ಬೇಕಿತ್ತು. ಆ ಪಟ್ಟಿಯಲ್ಲಿ ಲಂಡನ್ ಬಿಟ್ಟರೆ ನಾವೇ ಅತಿ ನಿಧಾನ.

ಒಂದು ಉದಾಹರಣೆ ತೆಗೆದುಕೊಳ್ಳಿ. ಎಲೆಕ್ಟ್ರಾನಿಕ್ ಸಿಟಿಯವರು ಚೆನ್ನೈಗೆ ಒಂದು ಮೀಟಿಂಗಿಗೆ ಹೋಗಬೇಕು. ವಿಮಾನ ಹಾರುವುದು ಒಂದು ಗಂಟೆ. ದೇವನಹಳ್ಳಿ ತಲುಪಲು ಎರಡು ಗಂಟೆ, ಅಲ್ಲಿ ಕಾಯಲು ಒಂದೂವರೆ, ಚೆನ್ನೈಯಲ್ಲಿ ಇಳಿದು ಊರೊಳಗೆ ಸೇರಲು ಒಂದು. ಐದೂವರೆ ಗಂಟೆ ಆಯಿತಲ್ಲ! ವಂದೇ ಭಾರತ್ ರೈಲು ನಾಲ್ಕೂವರೆ ಗಂಟೆಯ ಆಸುಪಾಸಿನಲ್ಲಿ ಚೆನ್ನೈ ಸೆಂಟ್ರಲ್‌ಗೇ ಬಿಡುತ್ತದೆ. ಅದರಲ್ಲಿ ಕೂತು ಓದಬಹುದು, ನಿದ್ದೆ ಮಾಡಬಹುದು. ಆದರೂ ಎಷ್ಟೋ ಕಂಪನಿಗಳಲ್ಲಿ ದೊಡ್ಡ ಹುದ್ದೆಯವರಿಗೆ ವಿಮಾನ, ಚಿಕ್ಕವರಿಗೆ ರೈಲು ಅನ್ನುವ ಪದ್ಧತಿ ಇದೆ. ವಿಮಾನ ಮರ್ಯಾದೆಯ ಗುರುತಾಗಿಬಿಟ್ಟಿದೆ. ಹೊತ್ತು, ದೇಹ, ಹೊಗೆ ಯಾವ ಲೆಕ್ಕದಲ್ಲಿ ನೋಡಿದರೂ ಹತ್ತಿರದ ಊರಿಗೆ ರೈಲೇ ಮೇಲು.

ಉತ್ತರ ಕರ್ನಾಟಕದ ಕಡೆಗೆ ರೈಲಿನ ಕಥೆ ಬೇರೆ. 2023ರ ಜೂನ್‌ನಲ್ಲಿ ಧಾರವಾಡಕ್ಕೆ ವಂದೇ ಭಾರತ್ ಬಂತು. ಬೆಳಗ್ಗೆ ಬೇಗ ಬೆಂಗಳೂರು ಬಿಟ್ಟು, ಮಧ್ಯಾಹ್ನ ಧಾರವಾಡದಿಂದ ವಾಪಸ್ ಹೊರಡುತ್ತದೆ. ಹೋಗಲು ಬಹಳ ಅನುಕೂಲ. ಆದರೆ ಅದೇ ದಿನ ಕೆಲಸ ಮುಗಿಸಿ ಅದರಲ್ಲೇ ಹಿಂದಿರುಗಲು ಆಗುವುದಿಲ್ಲ. ಒಂದು ರಾತ್ರಿ ಉಳಿಯಬೇಕು, ಇಲ್ಲ ರಾತ್ರಿ ಬಸ್ಸು ಹಿಡಿಯಬೇಕು. ಉಳಿದರೆ ರೂಮಿನ ಬಾಡಿಗೆ. ಹಾಗಾಗಿ ರಾತ್ರಿ ಬಸ್ಸು.

ಈ ರಾತ್ರಿ ಬಸ್ಸಿನ ಲೆಕ್ಕವೇ ಇಡೀ ವಿಷಯದ ತಿರುಳು ಅಂತ ನನಗೆ ಅನಿಸುತ್ತದೆ. ಕಂಪನಿಯ ಕಡೆಯಿಂದ ನೋಡಿ. ಹಗಲು ಹಾಳಾಗುವುದಿಲ್ಲ. ಹೋಟೆಲ್ ಖರ್ಚಿಲ್ಲ. ಮರುದಿನ ಆಫೀಸಿಗೂ ಬರುತ್ತಾರೆ. ಇಷ್ಟೆಲ್ಲ ಉಳಿತಾಯ ಎಲ್ಲಿಂದ ಬಂತು? ಒಬ್ಬ ಮನುಷ್ಯನ ಎರಡು ರಾತ್ರಿಯ ನಿದ್ದೆಯಿಂದ. ಉಳಿತಾಯ ಒಂದು ಪುಸ್ತಕದಲ್ಲಿ ದಾಖಲಾಗುತ್ತದೆ, ನಷ್ಟ ಯಾವ ಪುಸ್ತಕದಲ್ಲೂ ಇಲ್ಲ.

ನನ್ನ ಎಡಗೈ ಹೆಬ್ಬೆರಳಿನ ಮೇಲೆ ಒಂದು ಗಾಯದ ಗೆರೆ ಇದೆ. ಹನ್ನೊಂದು ವರ್ಷದ ಹಿಂದಿನದು. ಮೂರು ದಿನದಲ್ಲಿ ಎರಡು ರಾತ್ರಿ ಬಸ್ಸಿನಲ್ಲಿ ಕಳೆದಿದ್ದೆ. ಲೇತ್ (ಲೋಹ ಕಡೆಯುವ ಮಷೀನು) ಒಳಗೆ ಕೈ ಹಾಕುವ ಮುಂಚೆ ಎಮರ್ಜೆನ್ಸಿ ಬಟನ್ ಒತ್ತಬೇಕು. ನೂರಾರು ಸಲ ಒತ್ತಿದ ಬಟನ್. ಅವತ್ತು ಒತ್ತಿದ್ದೇನೆ ಅಂದುಕೊಂಡೆ, ಒತ್ತಿರಲಿಲ್ಲ. ಟೂಲ್ ಹಿಡಿಯುವ ಟರೆಟ್ ತಿರುಗಿತು. ನಾಲ್ಕು ಹೊಲಿಗೆ ಬಿದ್ದವು. ಬೆರಳು ಉಳಿಯಿತು. ವರದಿಯಲ್ಲಿ 'ನೌಕರನ ಅಜಾಗರೂಕತೆ' ಅಂತ ಬರೆದರು. ನಾನೂ ಸಹಿ ಹಾಕಿದೆ. ಅದು ನಿದ್ದೆಗೆಟ್ಟ ಕೈ ಅಂತ ಹೇಳಬೇಕು ಅನ್ನುವುದು ಆಗ ನನಗೂ ಹೊಳೆಯಲಿಲ್ಲ.

ರಾತ್ರಿ ಪ್ರಯಾಣದಲ್ಲಿ ದಾರಿಯದೂ ಅಪಾಯ ಇದೆ. 2013ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಿಂದ ಹೈದರಾಬಾದ್‌ಗೆ ಹೊರಟ ವೋಲ್ವೊ ಬಸ್ಸು ಮೆಹಬೂಬ್‌ನಗರದ ಹತ್ತಿರ ಹೊತ್ತಿ ಉರಿದು 45 ಜನ ಸತ್ತರು. ಹನ್ನೆರಡು ವರ್ಷದ ಮೇಲೆ, 2025ರ ಅಕ್ಟೋಬರ್ 24ರ ನಸುಕಿನಲ್ಲಿ, ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ಸು ಕರ್ನೂಲಿನ ಹತ್ತಿರ ಬೆಂಕಿಗೆ ಸಿಕ್ಕಿತು. 19 ಪ್ರಯಾಣಿಕರು ಹೋದರು. ದೀಪಾವಳಿ ಮುಗಿಸಿ ಕೆಲಸಕ್ಕೆ ಮರಳುತ್ತಿದ್ದವರು ಅದರಲ್ಲಿದ್ದರು. ಅದೇ ದಾರಿ, ಅದೇ ಹೊತ್ತು. ಟೂರ್‌ಗೆ ಟಿಕೆಟ್ ಬುಕ್ ಮಾಡುವವರು ಬಸ್ಸಿನ ರೇಟು ನೋಡುತ್ತೇವೆ. ತುರ್ತು ಬಾಗಿಲು ಇದೆಯಾ, ಒಬ್ಬನೇ ಡ್ರೈವರ್ ಎಂಟು ಗಂಟೆ ಓಡಿಸುತ್ತಾನಾ ಅಂತ ಕೇಳುತ್ತೇವಾ? ನಾನು ಪಟ್ಟಿ ಮಾಡುವ ಕೆಲಸಕ್ಕೆ ಬಂದ ಮೊದಲ ವರ್ಷ ಕೇಳಿರಲಿಲ್ಲ. ಈಗ ಕೇಳುತ್ತೇನೆ.

ಬಸ್ಸು, ವಿಮಾನ ಓಡಿಸುವವರ ದಣಿವಿಗಾದರೂ ಕಾನೂನಿನಲ್ಲಿ ಜಾಗ ಇದೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತ್ತು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 2025ರಲ್ಲಿ 36 ಗಂಟೆಯಿಂದ 48ಕ್ಕೆ ಏರಿಸಿದರು. ರಾತ್ರಿ ವಿಮಾನ ಇಳಿಸುವುದಕ್ಕೂ ನವೆಂಬರ್‌ನಿಂದ ಬಿಗಿ ಮಿತಿ ಬಂತು. ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಮೊದಲೇ ಹೊಂದಿಸಿಕೊಳ್ಳದೇ ಇದ್ದದ್ದರಿಂದ ಡಿಸೆಂಬರ್ ಮೊದಲ ವಾರ ಸಾವಿರಾರು ಹಾರಾಟ ರದ್ದಾದವು. ದೇವನಹಳ್ಳಿಯಲ್ಲೂ ಜನ ಗಂಟೆಗಟ್ಟಲೆ ಸಿಕ್ಕಿಕೊಂಡರು. ಆಗ ಹಲವರು ಆ ನಿಯಮವನ್ನೇ ಬೈದರು. ನನಗೆ ಹಾಗೆ ಅನಿಸಲಿಲ್ಲ. ದಣಿದವರು ಓಡಿಸಬಾರದು ಅನ್ನುವ ನಿಯಮ ಸರಿಯಾದದ್ದು. ಅದಕ್ಕೆ ತಯಾರಾಗದೇ ಇದ್ದದ್ದು ತಪ್ಪು.

ಹಿಂದಿನ ಸೀಟಿನಲ್ಲಿ ಕೂತು ಮರುದಿನ ಮಷೀನಿಗೆ ಕೈ ಹಾಕುವವನ ದಣಿವು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಪಕ್ಕದ ತಮಿಳುನಾಡಿನ 1947ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ 'ಪ್ರಯಾಣ ಒಳಗೊಂಡ ಕೆಲಸ ಮಾಡುವವರು' ಅನ್ನುವ ಗುಂಪನ್ನೇ ಕಾಯ್ದೆಯ ಹೊರಗೆ ಇಟ್ಟಿತ್ತು. ಸುತ್ತುವವನ ಗಂಟೆ ಎಣಿಸುವುದು ಕಷ್ಟ ಅನ್ನುವುದು ಆ ಕಾಲದ ಯೋಚನೆ ಇರಬೇಕು. ಈಗ ಜೇಬಿನಲ್ಲಿ ಫೋನಿದೆ, ಅದರಲ್ಲಿ ಲೊಕೇಶನ್ ಇದೆ. ಎಲ್ಲಿದ್ದೀಯ ಅಂತ ನೋಡಲು ಕಂಪನಿಗೆ ಅದು ಬೇಕು. ಎಷ್ಟು ಹೊತ್ತಿನಿಂದ ಇದ್ದೀಯ ಅಂತ ಎಣಿಸಲೂ ಅದೇ ಸಾಕು.

ಔಷಧಿ ಕಂಪನಿಗಳ ರೆಪ್‌ಗಳಿಗಾಗಿ 1976ರಲ್ಲೇ ಒಂದು ಪ್ರತ್ಯೇಕ ಕಾಯ್ದೆ ಬಂತು. ರಜೆ, ನೇಮಕಾತಿ ಪತ್ರದಂಥ ವಿಷಯಗಳಲ್ಲಿ ಅದು ಕೆಲಸಕ್ಕೆ ಬಂತು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾದಾಗ ಈ ಕಾಯ್ದೆಯೂ, ಮೋಟಾರು ಕಾರ್ಮಿಕರ ಕಾಯ್ದೆಯೂ ಅವುಗಳೊಳಗೆ ಸೇರಿಹೋದವು. ಒಂದು ಒಳ್ಳೆಯ ಸಂಗತಿ ಅಂದರೆ, ಮನೆಯಿಂದ ಕೆಲಸದ ಜಾಗಕ್ಕೆ ಹೋಗುವಾಗ, ಬರುವಾಗ ಆಗುವ ಅಪಘಾತವನ್ನೂ ಕೆಲಸದ ಅಪಘಾತ ಅಂತ ನೋಡಲು ಹೊಸ ಸಾಮಾಜಿಕ ಭದ್ರತಾ ಸಂಹಿತೆ ದಾರಿ ಮಾಡಿದೆ. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಹಳೆಯ ಪರಿಹಾರ ಕಾಯ್ದೆಯಡಿ ಇಂಥದೇ ತೀರ್ಪು ಕೊಟ್ಟಿತ್ತು. ಪ್ರಯಾಣಕ್ಕೂ ಕೆಲಸಕ್ಕೂ ಸಂಬಂಧ ಇದೆ ಅಂತ ತೋರಿಸಬೇಕು, ಅಷ್ಟೇ. ಅಂದರೆ ದಾರಿಯಲ್ಲಿ ಪ್ರಾಣ ಹೋದರೆ ಅದು ಕೆಲಸದ ಹೊತ್ತು. ಜೀವ ಉಳಿದು ಊರು ತಲುಪಿದರೆ ಅದು ನಮ್ಮ ಸ್ವಂತ ಹೊತ್ತು. ಈ ಎರಡನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ತುಂಬಾ ನೋವಾಗುತ್ತದೆ.

ಯುರೋಪಿನ ನ್ಯಾಯಾಲಯ 2015ರ ಸೆಪ್ಟೆಂಬರ್‌ನಲ್ಲಿ ಇದನ್ನು ಬೇರೆ ಥರ ನೋಡಿತು. ಸ್ಪೇನಿನಲ್ಲಿ ಕಟ್ಟಡಗಳಿಗೆ ಭದ್ರತಾ ಉಪಕರಣ ಹಾಕುವ ತಂತ್ರಜ್ಞರ ಪ್ರಕರಣ ಅದು. ಥೇಟ್ ನಮ್ಮಂಥ ಕೆಲಸ. ಅವರ ಸ್ಥಳೀಯ ಆಫೀಸುಗಳನ್ನು ಮುಚ್ಚಿದ್ದರು. ಬೆಳಗ್ಗೆ ಮನೆಯಿಂದ ನೇರ ಮೊದಲ ಗ್ರಾಹಕರ ಹತ್ತಿರ, ಸಂಜೆ ಕೊನೆಯ ಗ್ರಾಹಕರಿಂದ ನೇರ ಮನೆಗೆ. ಹೀಗೆ ಒಂದೇ ಕಡೆ ಕೆಲಸದ ಜಾಗ ಇಲ್ಲದವರಿಗೆ ಆ ಎರಡೂ ಪ್ರಯಾಣ ಕೆಲಸದ ಹೊತ್ತೇ ಅಂತ ನ್ಯಾಯಾಲಯ ಹೇಳಿತು. ನಮ್ಮಲ್ಲಿ ಅಂಥದ್ದು ಬಂದರೆ ಎಲ್ಲ ಪ್ರಯಾಣಕ್ಕೂ ಪೂರ್ತಿ ಸಂಬಳ ಕೊಡಬೇಕು ಅಂತ ನಾನು ವಾದ ಮಾಡುವುದಿಲ್ಲ. ಮೊದಲು ಅದನ್ನು ಹೊತ್ತು ಅಂತ ಒಪ್ಪಿ ಬರೆದರೆ ಸಾಕು. ಬರೆದ ಮೇಲೆ ಮಾತಾಡಬಹುದು.

ದೇಹದ ವಿಷಯ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಲ್ಕು ಗಂಟೆಗಿಂತ ಜಾಸ್ತಿ ಅಲುಗಾಡದೆ ಕೂತು ಪ್ರಯಾಣ ಮಾಡಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಸುಮಾರು ಎರಡು ಪಟ್ಟು ಆಗುತ್ತದೆ. ಒಟ್ಟಾರೆ ನೋಡಿದರೆ ಅಪಾಯ ಸಣ್ಣದೇ, ಆರು ಸಾವಿರದಲ್ಲಿ ಒಬ್ಬರಿಗೆ. ಆದರೆ ಅದು ವಿಮಾನಕ್ಕೆ ಮಾತ್ರ ಅಲ್ಲ, ಬಸ್ಸು, ಕಾರು, ರೈಲಿಗೂ ಸೇರಿದ ಮಾತು. ಪದೇಪದೇ ಓಡಾಡುವವರು ನೆನಪಿಡಬೇಕು. ಇನ್ನು ದೂರದೇಶಕ್ಕೆ ಹೋಗುವವರ ಕಷ್ಟ ಬೇರೆ. 2021ರ ಜನವರಿಯಲ್ಲಿ ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೊಗೂ ನೇರ ವಿಮಾನ ಶುರುವಾದಾಗ ಐಟಿಯವರಿಗೆ ಹಬ್ಬವೇ ಆಗಿತ್ತು. ಸುಮಾರು 14,000 ಕಿ.ಮೀ. ಚಳಿಗಾಲದಲ್ಲಿ ಎರಡೂ ಊರಿನ ಗಡಿಯಾರಕ್ಕೆ ಹದಿಮೂರೂವರೆ ಗಂಟೆ ವ್ಯತ್ಯಾಸ. ದೇಹದ ಗಡಿಯಾರ ದಿನಕ್ಕೆ ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳುತ್ತದೆ. ಒಂದು ವಾರದ ಟೂರ್‌ಗೆ ಹೋದವರು ಅಲ್ಲಿಗೂ ಹೊಂದಿಕೊಂಡಿರುವುದಿಲ್ಲ, ಬಂದ ಮೇಲೆ ಇಲ್ಲಿಗೂ ಹೊಂದುವುದಿಲ್ಲ. ವಿಮಾನ ಇಳಿದ ಮರುದಿನವೇ ಮುಖ್ಯ ಮೀಟಿಂಗ್ ಇಡುವುದನ್ನು ನಿಲ್ಲಿಸಿದರೆ ಕಂಪನಿಗೇ ಲಾಭ.

ಇಂಥ ಟೂರ್‌ಗಳೆಲ್ಲ ಬೇಕೇ ಬೇಕಾ? 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗೆ ಪ್ರಯಾಣಿಕರ ವಿಮಾನ ಹಾರಲೇ ಇಲ್ಲ. ಬಸ್ಸು, ರೈಲು ನಿಂತವು. ನಮಗೆ ಗ್ರಾಹಕರು ಫೋನನ್ನೇ ಮಷೀನಿಗೆ ಹಿಡಿದು ತೋರಿಸಿದರು. ಎಷ್ಟೋ ಕೆಲಸ ಮುಗಿದೂ ಹೋಯಿತು. ನಾವು ಎರಡು ದಿನ ಪ್ರಯಾಣ ಮಾಡಿ ಹತ್ತು ನಿಮಿಷದಲ್ಲಿ ಒಂದು ಸೆಟ್ಟಿಂಗ್ ಬದಲಿಸಿ ಬರುತ್ತಿದ್ದ ಟೂರ್‌ಗಳು ಎಷ್ಟಿದ್ದವು ಅಂತ ಆಗ ಗೊತ್ತಾಯಿತು. ಅವು ಹೋದದ್ದು ಒಳ್ಳೆಯದೇ. ಪ್ರಪಂಚದ ಇಂಗಾಲದ ಹೊಗೆಯಲ್ಲಿ ವಿಮಾನಗಳ ಪಾಲು ಶೇ. 2.5ರ ಸುಮಾರಿದೆ. ಆ ಪಾಲು ಬೇಡದ ಮೀಟಿಂಗಿಗೆ ಸುಡುವುದು ಬೇಡ.

ಆದರೆ ಆಮೇಲೆ ಆದದ್ದನ್ನು ಯಾರೂ ಸರಿಯಾಗಿ ಹೇಳುತ್ತಿಲ್ಲ. ಮುಂಚೆ ಟೂರ್‌ನಲ್ಲಿದ್ದಾನೆ ಅಂದರೆ ಆಫೀಸಿನವರು ಕರೆಯುತ್ತಿರಲಿಲ್ಲ. ರೈಲಿನಲ್ಲಿ ಕೂತವನು ಕಿಟಕಿ ನೋಡುತ್ತಿದ್ದ, ಒಂದು ನಿದ್ದೆ ತೆಗೆಯುತ್ತಿದ್ದ. ಈಗ ಟೂರ್ ಹಾಗೇ ಇದೆ, ಅದರ ಮೇಲೆ ವೀಡಿಯೊ ಮೀಟಿಂಗ್ ಬಂದು ಕೂತಿದೆ. ಅರಸೀಕೆರೆ ಹತ್ತಿರ ನೆಟ್‌ವರ್ಕ್ ಹೋದಾಗ ಸಾರಿ ಕೇಳುತ್ತಾರೆ ನಮ್ಮ ಹುಡುಗರು. ಸಾರಿ ಯಾಕೆ ಕೇಳಬೇಕು? ಮೊದಲು ಎರಡು ಊರಿಗೆ ಹೋಗುತ್ತಿದ್ದ ಪ್ರಯಾಣದಲ್ಲಿ ಈಗ ನಾಲ್ಕು ಊರು ತುಂಬಿಸುತ್ತೇವೆ. ಸಣ್ಣ ದೂರುಗಳು ಫೋನಿನಲ್ಲಿ ಮುಗಿಯುವುದರಿಂದ ಟೂರ್‌ಗೆ ಉಳಿದಿರುವುದು ಬರೀ ಕಷ್ಟದ ಕೇಸುಗಳು. ಸುಲಭದ ದಿನ ಅನ್ನುವುದೇ ಹೋಗಿದೆ.

ಹೆಣ್ಣುಮಕ್ಕಳ ವಿಷಯಕ್ಕೆ ನಾನು ನೇರವಾಗಿ ಹೊಣೆ ಹೊರಬೇಕು, ಯಾಕೆಂದರೆ ಪಟ್ಟಿ ಮಾಡುವವನು ನಾನು. ನಮ್ಮ ವಿಭಾಗಕ್ಕೆ ಒಬ್ಬ ಎಂಜಿನಿಯರ್ ಸೇರಿದರು. ಕೆಲಸದಲ್ಲಿ ಬಹಳ ಚುರುಕು. ಮಗು ಚಿಕ್ಕದಿದೆ, ಕಷ್ಟ ಆಗುತ್ತೆ ಅಲ್ವಾ ಅಂತ ಅವರನ್ನು ಹೊರಗಿನ ಕೆಲಸಕ್ಕೆ ಹಾಕದೇ ಬಿಟ್ಟೆ. ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ನಂಬಿದ್ದೆ. ಎರಡು ವರ್ಷದ ಮೇಲೆ ಪ್ರಮೋಷನ್ ಬಂದಾಗ 'ಫೀಲ್ಡ್ ಅನುಭವ ಕಮ್ಮಿ' ಅಂತ ಅವರ ಹೆಸರು ಕೆಳಗೆ ಹೋಯಿತು. ಅವರು ನನ್ನ ಟೇಬಲ್ ಹತ್ತಿರ ಬಂದು, "ಸರ್, ನೀವು ನನ್ನನ್ನು ಒಂದು ಸಲ ಕೇಳಬಹುದಿತ್ತು" ಅಂದರು. ಅಷ್ಟೇ ಅಂದದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ಕೇಳುತ್ತೇನೆ. ಅವರಿಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಬೈಪಾಸಿನಲ್ಲಿ ಇಳಿಸಿ ಹೋಗುವ ಬಸ್ಸು ಬೇಡ. ಹಗಲಿನ ರೈಲು ಇರಲಿ. ಗ್ರಾಹಕರ ಕಾರ್ಖಾನೆಯಲ್ಲಿ ಹೆಂಗಸರ ಶೌಚಾಲಯ ಇದೆಯಾ ಅಂತ ಮೊದಲೇ ಕೇಳಿಡಿ. ಒಂದು ವಾರ ಮುಂಚೆ ತಿಳಿಸಿ, ಮನೆಯಲ್ಲಿ ಹೊಂದಿಸಿಕೊಳ್ಳಬೇಕು. ಈ ನಾಲ್ಕೂ ಗಂಡಸರಿಗೂ ಒಳ್ಳೆಯದೇ ಅಲ್ವಾ? ಗಂಡಸರು ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ, ಅಷ್ಟೇ ವ್ಯತ್ಯಾಸ. ಇಷ್ಟು ವರ್ಷ ನಾವು ಸುತ್ತಲು ಸಾಧ್ಯವಾದದ್ದು ಮನೆಯಲ್ಲಿ ಇನ್ನೊಬ್ಬರು ಇದ್ದದ್ದರಿಂದ. ನನ್ನ ಮಗಳಿಗೆ ಜ್ವರ ಬಂದ ರಾತ್ರಿಗಳಲ್ಲಿ ನಾನು ಎಷ್ಟು ರಾತ್ರಿ ಮನೆಯಲ್ಲಿದ್ದೆ ಅಂತ ನನ್ನ ಹೆಂಡತಿ ಯಾವತ್ತೂ ಲೆಕ್ಕ ಕೇಳಲಿಲ್ಲ. ನನಗೆ ಸಿಕ್ಕ ಫೀಲ್ಡ್ ಅನುಭವದಲ್ಲಿ ಅವಳ ಪಾಲೂ ಇದೆ.

ಟೂರ್ ಅಂದರೆ ಬೆಂಗಳೂರಿನಿಂದ ಹೊರಗೆ ಹೋಗುವುದು ಮಾತ್ರ ಅಲ್ಲ. ಬೆಂಗಳೂರಿಗೆ ಬರುವವರೂ ಇದ್ದಾರೆ. ಬೀದರ್, ರಾಯಚೂರು, ಕಾರವಾರದ ಕಚೇರಿಗಳಿಂದ ಒಂದು ಫೈಲಿಗಾಗಿ ಒಒಡಿ (ಕಚೇರಿ ಕೆಲಸದ ಮೇಲೆ ಹೊರಗೆ) ಹಾಕಿಕೊಂಡು ಬಂದು, ಸರ್ಕಾರಿ ಇಲಾಖೆಗಳಿರುವ ಎಂ.ಎಸ್. ಬಿಲ್ಡಿಂಗಿನ ಮೆಟ್ಟಿಲು ಹತ್ತಿ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ಕೇಳಿ ಸಂಜೆಯ ಬಸ್ಸಿಗೆ ಓಡುವವರು. ರಾಜಧಾನಿ ರಾಜ್ಯದ ಒಂದು ಮೂಲೆಯಲ್ಲಿದ್ದರೆ ಪ್ರಯಾಣದ ಭಾರ ಯಾವಾಗಲೂ ಇನ್ನೊಂದು ಮೂಲೆಯವರ ಮೇಲೆಯೇ. ಬೆಳಗಾವಿಯಲ್ಲಿ 2012ರ ಅಕ್ಟೋಬರ್‌ನಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಯಾಯಿತು. ಚಳಿಗಾಲದ ಅಧಿವೇಶನಕ್ಕೆ ಇಡೀ ಸರ್ಕಾರವೇ 500 ಕಿ.ಮೀ. ದೂರ ಟೂರ್ ಹೋಗುತ್ತದೆ. ಖರ್ಚಿನ ಬಗ್ಗೆ ಪ್ರತಿ ವರ್ಷ ಟೀಕೆ ಬರುತ್ತದೆ. ನನಗೆ ಆ ಪ್ರಯಾಣ ಸರಿ ಅನಿಸುತ್ತದೆ. ವರ್ಷಪೂರ್ತಿ ಅತ್ತಲಿಂದ ಇತ್ತ ಬರುವವರ ಖರ್ಚನ್ನು ಯಾರೂ ಕೂಡಿ ನೋಡುವುದಿಲ್ಲವಲ್ಲ. ಆ ಕೆಲವು ದಿನ ಇಲ್ಲಿಯವರೂ ಆ ದಾರಿಯ ಉದ್ದ ತಿಳಿಯಲಿ.

ಹೋದ ವರ್ಷ ನಮ್ಮ ಟೂರ್ ಪಟ್ಟಿಗೆ ನಾನು ಎರಡು ಕಾಲಂ ಸೇರಿಸಿದೆ. ಮನೆ ಬಿಟ್ಟ ಹೊತ್ತು, ಮನೆ ಸೇರಿದ ಹೊತ್ತು. ಯಾರ ಅನುಮತಿಯನ್ನೂ ಕೇಳಲಿಲ್ಲ. ಬರೆದು ಹೋಗಿ ಅಂದೆ, ಅಷ್ಟೇ. ಮೂರು ತಿಂಗಳಾದ ಮೇಲೆ ಆ ಹಾಳೆಗಳನ್ನು ಕೂಡಿಸಿ ಮೇಲಿನವರ ಮುಂದೆ ಇಟ್ಟೆ. ಹುಬ್ಬಳ್ಳಿಯ 'ಒಂದು ದಿನ' 35 ಗಂಟೆ ಅಂತ ಅಲ್ಲಿ ಅಂಕಿಯಲ್ಲಿ ಕಂಡಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎರಡು ರಾತ್ರಿ ಪ್ರಯಾಣ ಮಾಡಿದವರು ಮರುದಿನ ಮಧ್ಯಾಹ್ನದ ಮೇಲೆ ಆಫೀಸಿಗೆ ಬಂದರೆ ಸಾಕು ಅಂತ ಆಯಿತು. 400 ಕಿ.ಮೀ. ದಾಟಿದರೆ ಒಂದು ರಾತ್ರಿ ರೂಮು ಅಂತಲೂ ಆಯಿತು. ಟಿಕೆಟಿಗೆ ಮುಂಗಡ ಕೊಡುವುದಕ್ಕೆ ಅಕೌಂಟ್ಸ್‌ನವರು ಒಪ್ಪಿದ್ದಾರೆ, ಇನ್ನೂ ಶುರುವಾಗಿಲ್ಲ.

ಭಾನುವಾರದ ಸಂಜೆ ಮಾತ್ರ ಹಾಗೇ ಉಳಿದಿದೆ. ಸೋಮವಾರ ಬೆಳಗ್ಗೆ ಗ್ರಾಹಕರ ಹತ್ತಿರ ಇರಬೇಕಾದರೆ ಭಾನುವಾರವೇ ಹೊರಡಬೇಕು, ಅದಕ್ಕೆ ಬದಲಿ ರಜೆ ಕೊಡಿ ಅಂತ ಕೇಳಿದ್ದೇವೆ. ಮುಂದಿನ ತಿಂಗಳ ಮೀಟಿಂಗಿನಲ್ಲಿ ನೋಡೋಣ ಅಂದಿದ್ದಾರೆ. ಕಾಲಂ ಪ್ರತಿ ವಾರ ತುಂಬುತ್ತಿದೆ.